ಲೈನಿನ ಕೊನೆಯ ಪಂಪು

ಕುಂದಾಪುರದ ಕಡೆ ಮೋಟಾರ್ ವೈಂಡಿಂಗ್ ಕೆಲಸಕ್ಕೆ ಒಂದು ಋತು ಇತ್ತು. ಮಳೆಗಾಲದಲ್ಲಿ ನೀರು ಹೊಕ್ಕ ಮೋಟಾರು, ತುಕ್ಕು ಹಿಡಿದ ಬೇರಿಂಗು. ಶಿವರಾತ್ರಿ ಕಳೆದು ತೋಡಿನ ನೀರು ಇಳಿಯಿತೆಂದರೆ ಸುಟ್ಟ ಮೋಟಾರುಗಳ ಸಾಲು ಶುರು. ಸಿದ್ದಾಪುರ, ಶಂಕರನಾರಾಯಣ, ಅಮಾಸೆಬೈಲು ಕಡೆಯ ಅಡಿಕೆ ತೋಟದವರು ಜೀಪಿನಲ್ಲಿ ತರುತ್ತಿದ್ದರು. ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರದು ಸಣ್ಣ ಮೋಟಾರು, ಅದು ಬಸ್ಸಿನಲ್ಲೇ ಬರುತ್ತಿತ್ತು. ಕೋಟ, ಬ್ರಹ್ಮಾವರದ ಗದ್ದೆಯವರದು ಸುಗ್ಗಿ ಬೆಳೆಯ ಪಂಪು. ಎಲ್ಲರ ಬಾಯಲ್ಲೂ ಒಂದೇ ಮಾತು: "ಹ್ವಾಯ್, ಕರೆಂಟ್ ಇತ್ತ್, ಆರೆ ಪಂಪ್ ಏಳ್ತಿಲ್ಲೆ. ಕಡಿಗೆ ಸುಟ್ಟ್ ವಾಸ್ನಿ ಬಂತ್."

ಶಾಸ್ತ್ರಿ ಸರ್ಕಲ್‌ನಿಂದ ಸ್ವಲ್ಪ ದೂರದ ಒಂದು ವೈಂಡಿಂಗ್ ಅಂಗಡಿಯಲ್ಲಿ ನಾನು ಕೆಲಸ ಕಲಿತದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆಮೇಲೆ ಅದೇ ಕೆಲಸ ಹೊಟ್ಟೆಪಾಡಾಯಿತು. ನಮ್ಮ ಕರಾವಳಿಯ ವಿದ್ಯುತ್ ಜಾಲ ಹೇಗಿತ್ತು, ಹೇಗಾಯಿತು ಎಂಬುದನ್ನು ನಾನು ಯಾವ ಕಚೇರಿಯ ಕಡತದಲ್ಲೂ ಓದಿದವನಲ್ಲ. ಸುಟ್ಟ ಮೋಟಾರುಗಳ ಒಳಗೆ ನೋಡಿದವನು.

ನನ್ನ ಮೇಸ್ತ್ರಿ ಮೊದಲು ಕಲಿಸಿದ್ದು ತಂತಿ ಸುತ್ತುವುದನ್ನಲ್ಲ, ಸುಟ್ಟದ್ದನ್ನು ಓದುವುದನ್ನು. ಮುಚ್ಚಳ ಬಿಚ್ಚಿ ರೋಟರ್ ಎಳೆದು ಪಕ್ಕಕ್ಕಿಟ್ಟು, ಸ್ಟೇಟರನ್ನು ಬೆಳಕಿಗೆ ಹಿಡಿಯಬೇಕು. ಸುತ್ತಲೂ ಎಲ್ಲ ಕಾಯಿಲುಗಳೂ ಒಂದೇ ಸಮನೆ ಕಪ್ಪಾಗಿದ್ದರೆ ಲೋ ವೋಲ್ಟೇಜು, ಇಲ್ಲವೇ ಪಂಪಿನಲ್ಲೇ ಹಿಡಿತ. ಸ್ಟಾರ್ ಕನೆಕ್ಷನಿನ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲು ಇದ್ದಿಲಾಗಿ, ಮೂರನೆಯದು ಮಾತ್ರ ನಿನ್ನೆ ಸುತ್ತಿದ ತಾಮ್ರದಂತೆ ಹೊಳೆಯುತ್ತಿದ್ದರೆ ಒಂದು ಫೇಸು ಎಲ್ಲೋ ಕಡಿದಿದೆ ಎಂದರ್ಥ. ಡೆಲ್ಟಾ ಆದರೆ ತಿರುಗುಮುರುಗು: ಒಂದು ಫೇಸು ಸುಟ್ಟಿರುತ್ತದೆ, ಎರಡು ಉಳಿದಿರುತ್ತವೆ. ಉಳಿದೆಲ್ಲ ಚೆನ್ನಾಗಿದ್ದು ಒಂದೇ ಕಡೆ ಸಾಸಿವೆಯಷ್ಟು ತೂತು, ಸುತ್ತ ಕರಗಿದ ತಾಮ್ರದ ಗುಂಡು ಕಂಡರೆ ಅದು ಸಿಡಿಲಿನದೋ, ಲೈನಿನಲ್ಲಿ ಹಠಾತ್ತನೆ ಏರಿದ ವೋಲ್ಟೇಜಿನದೋ ಕೆಲಸ. ಗಿರಾಕಿ ಏನೇ ಹೇಳಲಿ, ಕಾಯಿಲು ಸುಳ್ಳು ಹೇಳುವುದಿಲ್ಲ. ಮಾರ್ಚ್–ಏಪ್ರಿಲಿನಲ್ಲಿ ಬರುತ್ತಿದ್ದವು ಹೆಚ್ಚಾಗಿ ಮೊದಲ ಎರಡು ಬಗೆಯವು. ಮೇ ಕೊನೆಗೆ, ಗುಡುಗು ಸುರುವಾದಾಗ, ಮೂರನೆಯದು.

ಲೋ ವೋಲ್ಟೇಜ್ ಮೋಟಾರನ್ನು ಏಕೆ ಸುಡುತ್ತದೆ ಎಂದು ಹಲವರು ಕೇಳುತ್ತಿದ್ದರು. ಕರೆಂಟು ಕಡಿಮೆಯಾದರೆ ಬಿಸಿಯೂ ಕಡಿಮೆಯಾಗಬೇಕಲ್ಲ ಎಂಬುದು ಅವರ ಲೆಕ್ಕ. ನಡೆಯುವುದು ಅದಕ್ಕೆ ವಿರುದ್ಧ. ಬಾವಿಯಿಂದ ನೀರೆತ್ತುವ ಕೆಲಸ ಹಾಗೆಯೇ ಇರುತ್ತದೆ, ವೋಲ್ಟೇಜು ಇಳಿದಷ್ಟೂ ಮೋಟಾರು ಆಂಪಿಯರ್ ಹೆಚ್ಚು ಎಳೆಯುತ್ತದೆ. ಅದರ ಎಳೆತದ ಶಕ್ತಿಯಾದರೋ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 300 ಬಂದರೆ ಶಕ್ತಿ ಹೆಚ್ಚುಕಡಿಮೆ ಅರ್ಧ. ಏಳಲಾರದೆ ಗುಂಯ್ ಎಂದು ನಿಂತ ಮೋಟಾರು ಕೆಲವೇ ನಿಮಿಷದಲ್ಲಿ ಸುಡುತ್ತದೆ. ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇ ಅದನ್ನು ತಪ್ಪಿಸಬೇಕು. ಆದರೆ ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಅದನ್ನೇ ಕಡ್ಡಿ ಕೊಟ್ಟು ಒತ್ತಿ ಕಟ್ಟಿದ ಸ್ಟಾರ್ಟರುಗಳನ್ನು ನಾನು ತೋಟ ತೋಟಗಳಲ್ಲಿ ಕಂಡಿದ್ದೇನೆ. ಅಡಿಕೆ ಸಸಿ ಒಣಗುತ್ತಿರುವಾಗ ರಕ್ಷಣೆಯ ಮಾತು ಯಾರಿಗೆ ಬೇಕು? ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು.

ಆಗ ಊರ ವೈಂಡಿಂಗ್ ಅಂಗಡಿಗಳೆಲ್ಲ ಒಂದು ಉಪಾಯ ಹುಡುಕಿಕೊಂಡಿದ್ದವು. 'ಲೋ ವೋಲ್ಟೇಜ್ ವೈಂಡಿಂಗ್' ಎಂದೇ ಅದಕ್ಕೆ ಹೆಸರು. ಕಾಯಿಲಿಗೆ ಸುತ್ತು ಕಡಿಮೆ, ತಂತಿಯ ಗೇಜು ದಪ್ಪ. ಹಾಗೆ ಸುತ್ತಿದರೆ 280, 300 ವೋಲ್ಟಿಗೂ ಮೋಟಾರು ಏಳುತ್ತಿತ್ತು. ಗಿರಾಕಿಗೆ ಸಂತೋಷ. ಅದೇ ಮೋಟಾರಿಗೆ ನಡುರಾತ್ರಿ ಊರೆಲ್ಲ ಮಲಗಿ ವೋಲ್ಟೇಜು 430ಕ್ಕೆ ಏರಿದಾಗ ಕಬ್ಬಿಣದ ತಿರುಳು ಕಾಂತಶಕ್ತಿಯಿಂದ ತುಂಬಿ ಹೋಗಿ, ನೀರೆತ್ತದಿದ್ದರೂ ವಿಪರೀತ ಆಂಪಿಯರ್ ಎಳೆದು ಕಾದು ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಹಾನಿ ಲೈನಿಗೆ. ಅಂಥ ಮೋಟಾರು ಉಪಯೋಗಕ್ಕೆ ಬಾರದ ಆಂಪಿಯರನ್ನು ಹೆಚ್ಚು ಎಳೆಯುತ್ತದೆ. ಪವರ್ ಫ್ಯಾಕ್ಟರ್ ಕುಸಿಯುತ್ತದೆ. ಲೈನಿನ ವೋಲ್ಟೇಜು ಇನ್ನಷ್ಟು ಇಳಿಯುತ್ತದೆ. ಪಕ್ಕದ ತೋಟದವನ ಸರಿಯಾದ ಮೋಟಾರೂ ಏಳುವುದಿಲ್ಲ. ಅವನೂ ಅದೇ ವೈಂಡಿಂಗ್ ಕೇಳಿಕೊಂಡು ಬರುತ್ತಾನೆ. ಒಂದು ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಪಂಪುಗಳೆಲ್ಲ ಹೀಗೆ ಒಂದರ ನೀರನ್ನು ಇನ್ನೊಂದು ಕಸಿಯುತ್ತಿದ್ದವು. ಪ್ರತಿ ಮೋಟಾರಿಗೆ ಒಂದು ಕೆಪಾಸಿಟರ್ ಹಾಕಿದ್ದರೆ ಎಷ್ಟೋ ಸುಧಾರಿಸುತ್ತಿತ್ತು. ಹಾಕಬೇಕೆಂಬ ನಿಯಮವೂ ಇತ್ತು. ಹಾಕಿದವರು ವಿರಳ.

ಈ ಎಲ್ಲದರ ಮೂಲ ದೂರ. ಗದ್ದೆಗೆ ತೋಡಿನಿಂದ ನೀರು ಬಿಟ್ಟಾಗ ಮೊದಲ ಗದ್ದೆ ತುಂಬಿ, ನಡುವಿನದು ನೆನೆದು, ಕೊನೆಯ ಗದ್ದೆಗೆ ತೇವವಷ್ಟೇ ಮುಟ್ಟುತ್ತದಲ್ಲ, ತಂತಿಯಲ್ಲಿ ವೋಲ್ಟೇಜು ಮುಟ್ಟುವುದೂ ಹಾಗೆಯೇ. ಉಪಕೇಂದ್ರದಿಂದ 11 ಕೆ.ವಿ. ಫೀಡರು ಹೊರಟು ಕಾಡು, ಹೊಳೆ, ಗುಡ್ಡ ದಾಟಿ ಹತ್ತಾರು ಕಿಲೋಮೀಟರ್ ಹೋಗುತ್ತಿತ್ತು. ಟಿ.ಸಿ.ಯಿಂದ ಮತ್ತೆ 415 ವೋಲ್ಟಿನ ಎಲ್.ಟಿ. ಲೈನು ತೋಟದಿಂದ ತೋಟಕ್ಕೆ. ಅಷ್ಟೇ ವಿದ್ಯುತ್ತನ್ನು 415 ವೋಲ್ಟಿನಲ್ಲಿ ಒಯ್ಯಲು 11,000 ವೋಲ್ಟಿಗಿಂತ ಸುಮಾರು 26 ಪಟ್ಟು ಹೆಚ್ಚು ಆಂಪಿಯರ್ ಬೇಕು. ಆದ್ದರಿಂದ ಎಲ್.ಟಿ. ಲೈನು ಉದ್ದವಾದಷ್ಟೂ ಕೊನೆಯವನಿಗೆ ನಷ್ಟ. ನಮ್ಮಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಇರುವುದಿಲ್ಲ. ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಹೊಳೆಯಾಚೆ. ಲೈನಿಗೆ ಉದ್ದವಾಗದೆ ಬೇರೆ ದಾರಿಯಿರಲಿಲ್ಲ.

ಜನರಿಗೆ ನೋವಾಗುತ್ತಿದ್ದದ್ದು ಇನ್ನೊಂದು ಕಾರಣಕ್ಕೆ. ಹೊಸಂಗಡಿಯ ಭೂಗರ್ಭದಲ್ಲಿ ವಾರಾಹಿಯ ವಿದ್ಯುದಾಗಾರ ಶುರುವಾದದ್ದು 1989–90ರಲ್ಲಿ. ಮೊದಲು 115 ಮೆಗಾವಾಟಿನ ಎರಡು ಯಂತ್ರ, 2009ರಲ್ಲಿ ಇನ್ನೆರಡು ಸೇರಿ ಒಟ್ಟು 460 ಮೆಗಾವಾಟ್. ಮುಳುಗಿದ್ದು ನಮ್ಮ ಮೇಲಿನ ಕಾಡು, ತಿರುಗಿದ್ದು ನಮ್ಮ ಹೊಳೆ. ವಿದ್ಯುದಾಗಾರದಿಂದ ಕೂಗಳತೆಯ ಹಳ್ಳಿಗಳಲ್ಲಿ ಸಂಜೆ ಬಲ್ಬು ಕೆಂಪಗೆ ಮಿಣುಕುತ್ತಿತ್ತು. ತಲೆಯ ಮೇಲೆ 220 ಕೆ.ವಿ. ಟವರುಗಳು ಸಾಲಾಗಿ ಹೋಗುವುದು ಕಾಣುತ್ತಿತ್ತು. "ಕರೆಂಟ್ ಹುಟ್ಟೂದ್ ನಮ್ಮಲ್ಲ್, ಬೆಳಕ್ ಬೆಂಗ್ಳೂರಿಗೆ" ಎಂದು ಅಂಗಡಿಯ ಜಗಲಿಯಲ್ಲಿ ಕೂತವರು ಹೇಳುತ್ತಿದ್ದರು. ಆ ಮಾತಿನಲ್ಲಿದ್ದ ನೋವು ನ್ಯಾಯವಾದದ್ದೇ. ಆದರೆ ವಾರಾಹಿಯಲ್ಲಿ ಇನ್ನೂ ನಾಲ್ಕು ಯಂತ್ರ ಕೂರಿಸಿದ್ದರೂ ಆ ಬಲ್ಬು ಬೆಳಗುತ್ತಿರಲಿಲ್ಲ. 220 ಕೆ.ವಿ.ಯನ್ನು ಇಳಿಸಿ ಹಂಚುವ ಉಪಕೇಂದ್ರ ಹತ್ತಿರ ಇರಬೇಕಿತ್ತು, ಟಿ.ಸಿ. ತೋಟದ ಬಳಿ ಬರಬೇಕಿತ್ತು. ಕೊರತೆ ಇದ್ದದ್ದು ಅಲ್ಲಿ. ಇದನ್ನು ನಮ್ಮ ಜನ ಸಭೆಗಳಲ್ಲಿ ಇನ್ನಷ್ಟು ಗಟ್ಟಿಯಾಗಿ ಕೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬದಲಾವಣೆ ಬಂದದ್ದೂ ಆ ದಾರಿಯಲ್ಲೇ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು. 2002ರಲ್ಲಿ ವಿತರಣೆ ಪ್ರತ್ಯೇಕವಾಗಿ ಮಂಗಳೂರಿನ ಮೆಸ್ಕಾಂ ಕೈಗೆ ಬಂತು. ಹಳಬರ ಬಾಯಲ್ಲಿ ಈಗಲೂ 'ಕೆಇಬಿ'ಯೇ. ಕಂಪನಿಯ ಹೆಸರು ಬದಲಾದದ್ದಕ್ಕಿಂತ ಬ್ರಹ್ಮಾವರದ ಮಧುವನ, ಬೈಂದೂರು ಕಡೆಯ ನಾವುಂದ, ಕುಂದಾಪುರದ ಪಕ್ಕದ ತಲ್ಲೂರು ಇಂಥ ಕಡೆ ಉಪಕೇಂದ್ರಗಳು ಎದ್ದದ್ದು ನನಗೆ ದೊಡ್ಡ ಸಂಗತಿ. ಒಂದೊಂದು ಉಪಕೇಂದ್ರ ಬಂದಾಗಲೂ ಆ ಕಡೆಯಿಂದ ಬರುವ ಸುಟ್ಟ ಮೋಟಾರುಗಳ ಬಗೆ ಬದಲಾಗುತ್ತಿತ್ತು. ಸುತ್ತಲೂ ಕಪ್ಪಾದವು ಕಡಿಮೆ, ಬೇರಿಂಗು ಹೋದವು, ಸೀಲು ಸೋರಿದವು ಹೆಚ್ಚು. ಪತ್ರಿಕೆಯಲ್ಲಿ ಉದ್ಘಾಟನೆಯ ಫೋಟೋ ಬರುವುದು ಒಂದು ದಿನ. ನಮ್ಮ ಬೆಂಚಿನ ಮೇಲೆ ಅದರ ಫಲ ಕಾಣುವುದು ಮುಂದಿನ ಬೇಸಿಗೆಗೆ. ನೂರು ಕೆ.ವಿ.ಎ. ಟಿ.ಸಿ. ಒಂದೇ ಊರಿಗೆಲ್ಲ ಎಂಬ ಪದ್ಧತಿ ಹೋಗಿ 25, 63 ಕೆ.ವಿ.ಎ.ಯ ಸಣ್ಣವು ತೋಟಗಳ ಹತ್ತಿರ ಬಂದದ್ದೂ ಅಷ್ಟೇ ಮುಖ್ಯ.

ಫ್ರೀಕ್ವೆನ್ಸಿಯ ಕಥೆ ಬೇರೆ, ಅದು ಊರಿನ ಕೈಯಲ್ಲಿದ್ದದ್ದಲ್ಲ. ತೊಂಬತ್ತರ ದಶಕದಲ್ಲಿ ದಕ್ಷಿಣದ ಗ್ರಿಡ್ 50 ಹರ್ಟ್ಸ್ ಮುಟ್ಟುವುದೇ ಅಪರೂಪ. ವೋಲ್ಟೇಜು ಸರಿಯಿದ್ದರೂ ಪಂಪಿನ ವೇಗ ಇಳಿದು ನೀರು ಕಡಿಮೆ ಬೀಳುತ್ತಿತ್ತು, ಗಿರಾಕಿ ಬಂದು ವೈಂಡಿಂಗ್ ಸರಿಯಿಲ್ಲ ಎನ್ನುತ್ತಿದ್ದ. 2003ರಲ್ಲಿ ಫ್ರೀಕ್ವೆನ್ಸಿಗೆ ತಕ್ಕ ದರದ ಪದ್ಧತಿ ದಕ್ಷಿಣಕ್ಕೆ ಬಂದ ಮೇಲೆ ಅದು ಹತೋಟಿಗೆ ಬಂತು. 2013ರ ಕೊನೆಯ ದಿನ ರಾಯಚೂರು–ಸೋಲಾಪುರದ 765 ಕೆ.ವಿ. ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಕೂಡಿಕೊಂಡಿತು. ಈಗ ಫ್ರೀಕ್ವೆನ್ಸಿಯ ದೂರು ಹೊತ್ತು ಬರುವವರಿಲ್ಲ.

ಇನ್ನು ರಕ್ಷಣೆ. ಇದರ ಬಗ್ಗೆ ನನಗೆ ಹೇಳುವುದು ಹೆಚ್ಚಿದೆ, ಏಕೆಂದರೆ ಮೋಟಾರು ಸುಟ್ಟರೆ ಮತ್ತೆ ಸುತ್ತಬಹುದು, ಹೋದ ಜೀವವನ್ನು ಮತ್ತೆ ತರಲಾಗದು.

ಸಮುದ್ರದ ಗಾಳಿ ನಮ್ಮ ಲೈನುಗಳ ಮೊದಲ ಶತ್ರು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ, ರಸ್ತೆ ಬದಿಗೆ ಕಂಬ. ಅಲ್ಲಿ ಅಲ್ಯೂಮಿನಿಯಂ ತಂತಿಯೊಳಗಿನ ಉಕ್ಕಿನ ಎಳೆಯನ್ನು ತುಕ್ಕು ತಿನ್ನುತ್ತದೆ, ಹೊರಗಿನಿಂದ ಕಾಣುವುದಿಲ್ಲ. ನವೆಂಬರಿನಿಂದ ಮೇ ತನಕ ಪಿಂಗಾಣಿಯ ಇನ್ಸುಲೇಟರಿನ ಮೇಲೆ ಉಪ್ಪು, ಧೂಳು ಕೂರುತ್ತದೆ. ದೊಡ್ಡ ಮಳೆ ಬಂದರೆ ತೊಳೆದು ಹೋಗುತ್ತದೆ. ಮೊದಲ ತುಂತುರು ಬಂದರೆ ಆ ಉಪ್ಪು ಒದ್ದೆಯಾಗಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಮುಂಗಾರಿಗೆ ಮೊದಲು, ಹನಿ ಬಿದ್ದರೂ ಸಾಕು ಕರೆಂಟು ಹೋಗುತ್ತದೆ ಎಂದು ಜನ ಸಿಟ್ಟಾಗುತ್ತಿದ್ದುದರ ಹಿಂದಿನ ಕಾರಣ ಇದು. ಪಾಲಿಮರ್ ಇನ್ಸುಲೇಟರು ಬಂದ ಕಡೆ ಅದು ಎಷ್ಟೋ ಕಮ್ಮಿಯಾಗಿದೆ.

ಗಂಗೊಳ್ಳಿಯ ಐಸ್ ಪ್ಲಾಂಟಿನವರಿಗೂ, ತೊಂಬತ್ತರ ದಶಕದಲ್ಲಿ ಹಿನ್ನೀರಿನ ಬದಿ ಸಿಗಡಿ ಕೆರೆ ಮಾಡಿದವರಿಗೂ ಕರೆಂಟು ಹೋಗುವುದೆಂದರೆ ಮನೆಯವರಿಗೆ ಆಗುವಂಥ ಸಣ್ಣ ತೊಂದರೆಯಲ್ಲ. ಸಿಗಡಿ ಕೆರೆಯಲ್ಲಿ ಬೆಳಗಿನ ಜಾವ ನೀರಿನ ಆಮ್ಲಜನಕ ತೀರ ಇಳಿದಿರುತ್ತದೆ, ಆಗಲೇ ನೀರು ಚಿಮ್ಮಿಸುವ ಚಕ್ರ ನಿಂತರೆ ಬೆಳೆಯೇ ಹೋಯಿತು. ನಸುಕಿನ ಮೂರು ಗಂಟೆಗೆ ಚಕ್ರದ ಮೋಟಾರು ಹೊತ್ತು ನಮ್ಮ ಮನೆ ಬಾಗಿಲು ತಟ್ಟಿದವರಿದ್ದಾರೆ.

ಫ್ಯೂಸಿನ ವಿಷಯಕ್ಕೆ ಬಂದರೆ ಆ ಕಾಲದ ರೂಢಿ ನೆನೆದು ಈಗ ಮೈ ನಡುಗುತ್ತದೆ. ಟಿ.ಸಿ. ಕೆಳಗಿನ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ಇರಬೇಕಾದ ತಂತಿ ಇರುತ್ತಿರಲಿಲ್ಲ. ಕೇಬಲಿನಿಂದ ಕಿತ್ತ ನಾಲ್ಕೆಳೆ ಅಲ್ಯೂಮಿನಿಯಂ ಸುತ್ತಿ 'ಗಟ್ಟಿ' ಮಾಡಿರುತ್ತಿದ್ದರು. ಲೈನ್‌ಮನ್ ಬರಲು ಎರಡು ದಿನ. ಊರ ಹುಡುಗರೇ ಒಣ ಬಿದಿರಿನ ದೋಟಿಯಲ್ಲಿ ಕೊಂಬೆ ತಳ್ಳಿ, ಫ್ಯೂಸ್ ಕಟ್ಟಿ ಬರುತ್ತಿದ್ದರು. ಕರಗಬೇಕಾದ ಫ್ಯೂಸು ಕರಗದೆ ಟಿ.ಸಿ.ಯೇ ಸುಡುತ್ತಿತ್ತು. ಮತ್ತೊಂದು ಟಿ.ಸಿ. ಬರುವ ತನಕ ಇಡೀ ಊರಿಗೆ ಕತ್ತಲೆ.

ಉಪಕೇಂದ್ರದ ಬ್ರೇಕರುಗಳು ಎಣ್ಣೆಯವು ಹೋಗಿ ವ್ಯಾಕ್ಯೂಮಿನವು ಬಂದವು. ತಟ್ಟೆ ತಿರುಗುವ ಹಳೆ ರಿಲೇ ಹೋಗಿ ಅಂಕಿ ತೋರಿಸುವ ನ್ಯೂಮರಿಕಲ್ ರಿಲೇ ಬಂತು. ಕೊಂಬೆ ತಾಗಿ ಕ್ಷಣಕಾಲ ಕಿಡಿ ಹಾರಿದರೆ ತಾನೇ ಕಡಿದು ತಾನೇ ಮತ್ತೆ ಕೊಡುವ ರಿಕ್ಲೋಸರುಗಳೂ ಈಗ ಇವೆ. ಕರೆಂಟು ಹೋಗಿ ಎರಡೇ ಸೆಕೆಂಡಿನಲ್ಲಿ ಬಂದರೆ ಬೈಯುವವರಿಗೆ ನಾನು ಹೇಳುವುದು: ಹಿಂದೆ ಅದೇ ಕೊಂಬೆಗೆ ಅರ್ಧ ದಿನ ಹೋಗುತ್ತಿತ್ತು. ಆದರೆ ಎಂಥ ರಿಲೇಯೂ ಪೂರ್ತಿ ಹಿಡಿಯಲಾರದ ದೋಷ ಒಂದಿದೆ. ತುಂಡಾದ ತಂತಿ ಒಣ ಮುರಕಲ್ಲಿನ ಮೇಲೆ ಬಿದ್ದರೆ ನೆಲಕ್ಕೆ ಹರಿಯುವುದು ಕೆಲವೇ ಆಂಪಿಯರ್. ಉಪಕೇಂದ್ರಕ್ಕೆ ಅದು ಒಂದು ಸಣ್ಣ ಪಂಪಿನ ಲೋಡಿನ ಹಾಗೆ ಕಾಣುತ್ತದೆ, ಬ್ರೇಕರು ಬೀಳುವುದಿಲ್ಲ. ತಂತಿ ಜೀವಂತವಾಗಿ ಬಿದ್ದಿರುತ್ತದೆ. ಬೆಳಗ್ಗೆ ಸೊಪ್ಪಿಗೆ ಹೋದವರು, ದನ ಅಟ್ಟಿಕೊಂಡು ಹೋದವರು ಹಾಗೆ ಹೋಗಿದ್ದಾರೆ. ಕಾಡಿನ ನಡುವೆ ಹೊದಿಕೆಯ ತಂತಿ, ಊರೊಳಗೆ ಹೊದಿಕೆಯ ತಂತಿಗಳನ್ನು ಒಟ್ಟಿಗೆ ಹೆಣೆದ ಎ.ಬಿ. ಕೇಬಲ್ ಹಾಕುವುದಕ್ಕೆ ದುಡ್ಡು ಹೆಚ್ಚು ಎನ್ನುವವರು ಆ ಮನೆಗಳಿಗೆ ಒಮ್ಮೆ ಹೋಗಿ ಬರಬೇಕು.

ಅರ್ತಿಂಗ್ ಎಂಬುದು ನಮ್ಮಲ್ಲಿ ಇಂದಿಗೂ ಅನಾಥ. ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆ, ಬೇಸಿಗೆಯಲ್ಲಿ ಬಂಡೆ. ಎಂಟಡಿ ಪೈಪು ಹೂತು ಇದ್ದಿಲು, ಉಪ್ಪು ತುಂಬಿ ನೀರು ಹಾಕುತ್ತಿದ್ದರೆ ಅದು ಕೆಲಸ ಮಾಡುತ್ತದೆ. ಅದೇ ಉಪ್ಪು ಕೆಲವು ವರ್ಷಗಳಲ್ಲಿ ಪೈಪನ್ನು ತಿಂದು ಮುಗಿಸುತ್ತದೆ. ಮೇಲೆ ಕಾಣುವ ತಂತಿ ಸರಿಯಾಗಿಯೇ ಇರುತ್ತದೆ. ಟಿ.ಸಿ.ಯ ಅರ್ತ್ ಹೋಗಿ ನ್ಯೂಟ್ರಲ್ ಜಾಯಿಂಟೂ ತುಕ್ಕು ಹಿಡಿದು ಬಿಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಒಂದು ಮದುವೆ ಮನೆಯ ಮುನ್ನಾ ದಿನ ಕಂಡಿದ್ದೇನೆ. ಒಂದು ಮನೆಯಲ್ಲಿ ಬಲ್ಬುಗಳು ಬೆಳ್ಳಗೆ ಉರಿದು ಪಟಪಟ ಒಡೆದವು, ಟಿ.ವಿ.ಯಿಂದ ಹೊಗೆ ಬಂತು. ಪಕ್ಕದ ಮನೆಯಲ್ಲಿ ಬಲ್ಬಿನ ತಂತಿ ಕೆಂಪಗೆ ಮಾತ್ರ ಕಾಣುತ್ತಿತ್ತು. ಮೀಟರ್ ಹಿಡಿದೆ: ಇಲ್ಲಿ 360, ಅಲ್ಲಿ 70. ಆ ಸಾಲಿನಲ್ಲಿ ಅವತ್ತು ಫ್ರಿಜ್ಜು, ಮಿಕ್ಸಿ ಉಳಿಸಿಕೊಂಡವರು ಮೇನ್ ಸ್ವಿಚ್ ಆಫ್ ಮಾಡಿದವರು ಮಾತ್ರ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಮ್ಮ ಕಡೆಯ ನಾಡಾ ಊರಿನಲ್ಲಿ ಒಂದೇ ದಿನ 385 ಮಿಲಿಮೀಟರ್ ಮಳೆ ಸುರಿಯಿತು. ಕರಾವಳಿಯುದ್ದಕ್ಕೂ ಕಂಬಗಳು ಉರುಳಿದವು. ಕೊರೊನಾ ಲಾಕ್‌ಡೌನ್ ಬೇರೆ. ಆ ದಿನಗಳಲ್ಲಿ ಪವರ್‌ಮ್ಯಾನ್‌ಗಳು ಮೊಣಕಾಲುದ್ದದ ನೀರಿನಲ್ಲಿ ಕಂಬ ಹೊತ್ತದ್ದನ್ನು ನಾನು ನೋಡಿದ್ದೇನೆ. ಅವರಿಗೆ ಎಲ್ಲಕ್ಕಿಂತ ದೊಡ್ಡ ಭಯ ಬಿರುಗಾಳಿಯದಲ್ಲ, ನಮ್ಮ ಮನೆಗಳ ಜನರೇಟರಿನದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಕೊಟ್ಟರೆ ಆ ಕರೆಂಟು ಹಿಮ್ಮುಖವಾಗಿ ಟಿ.ಸಿ.ಗೆ ಹೋಗಿ 11 ಕೆ.ವಿ.ಯಾಗಿ ಲೈನಿಗೆ ಏರುತ್ತದೆ. ಲೈನು ಬಂದ್ ಮಾಡಿಸಿ ಲೈನ್ ಕ್ಲಿಯರ್ ತೆಗೆದುಕೊಂಡು, ಕಂಬ ಏರಿ ತಂತಿ ಮುಟ್ಟಿದವನಿಗೆ ಅದು ಗೊತ್ತಾಗುವುದು ಹೇಗೆ? ತಂತಿಗೆ ಅರ್ತ್ ಸರಪಳಿ ಹಾಕಿಯೇ ಕೈ ಇಡಬೇಕೆಂಬ ನಿಯಮ ಇರುವುದು ಇದಕ್ಕಾಗಿ.

ಈಗ ನಮ್ಮ ಅಂಗಡಿಗೆ ಸುಟ್ಟ ಮೋಟಾರು ಬರುವುದು ಬಹಳ ಕಡಿಮೆ. ಬಂದರೂ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್. ಬರುವುದು ಹೆಚ್ಚಾಗಿ ಸುಟ್ಟ ಬೋರ್ಡುಗಳು: ಎಲ್.ಇ.ಡಿ. ಬಲ್ಬಿನ ಡ್ರೈವರು, ಇನ್ವರ್ಟರ್ ಎ.ಸಿ.ಯದು, ಪಂಪಿನ ಡ್ರೈವಿನದು. ಮೋಟಾರು ಹತ್ತು ನಿಮಿಷ ತಡೆಯುತ್ತಿದ್ದ ವೋಲ್ಟೇಜಿನ ಏರುಪೇರನ್ನು ಇವು ಒಂದು ಕ್ಷಣವೂ ತಡೆಯುವುದಿಲ್ಲ. ಇವುಗಳೇ ಲೈನಿನ ಅಲೆಯನ್ನು ಕೆಡಿಸಿ ಹಾರ್ಮೋನಿಕ್ಸ್ ತುಂಬುತ್ತವೆ, ಮೂರು ಫೇಸಿನದ್ದೂ ಸೇರಿ ನ್ಯೂಟ್ರಲ್ ತಂತಿ ಕಾಯುತ್ತದೆ. ಅದೇ ತುಕ್ಕು ಹಿಡಿದ ನ್ಯೂಟ್ರಲ್. ಮಾಡಿನ ಮೇಲೆ ಸೋಲಾರ್ ಹಾಕಿಸಿದ ಕೆಲವರು ನಡುಮಧ್ಯಾಹ್ನ ತಮ್ಮ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ ಎಂದು ಬಂದಿದ್ದಾರೆ. ನೋಡಿದರೆ ವೋಲ್ಟೇಜು ಮಿತಿ ಮೀರಿ ಏರಿದೆ. ಹಿಂದೆ ಕೊನೆಯ ಮನೆಗೆ ವೋಲ್ಟೇಜು ಸಾಲುತ್ತಿರಲಿಲ್ಲ, ಈಗ ಬಿಸಿಲಿನ ಹೊತ್ತು ಅಲ್ಲೇ ಹೆಚ್ಚಾಗುತ್ತದೆ. ಸಪೂರ, ಉದ್ದ ಎಲ್.ಟಿ. ಲೈನಿನ ದೋಷವೇ ಎರಡಕ್ಕೂ ಮೂಲ.

ಮೆಸ್ಕಾಂನ ಎಂಜಿನಿಯರುಗಳಲ್ಲಿ ನನ್ನ ಬೇಡಿಕೆ ಒಂದೇ. ಎಷ್ಟು ಸಲ, ಎಷ್ಟು ಹೊತ್ತು ಕರೆಂಟು ಹೋಯಿತು ಎಂಬ ಲೆಕ್ಕ ಇಡುತ್ತೀರಿ, ಒಳ್ಳೆಯದು. ಅದರ ಜೊತೆಗೆ ಪ್ರತಿ ಟಿ.ಸಿ.ಯ ಕೊನೆಯ ಮನೆಯಲ್ಲಿ ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆಗೆ ಎಷ್ಟು ವೋಲ್ಟ್ ಇತ್ತು, ಆ ಟಿ.ಸಿ.ಯ ಅರ್ತ್ ಎಷ್ಟು ಓಮ್ ತೋರಿಸಿತು ಎಂಬ ಎರಡು ಅಂಕಿಗಳನ್ನು ಪಂಚಾಯತಿಯ ಫಲಕದಲ್ಲಿ ಹಾಕಿ. ಊರಿನವರಲ್ಲೂ ಕೇಳುವುದಿದೆ. ಮುಂಗಾರಿಗೆ ಮೊದಲು ನಿಮ್ಮ ಅರ್ತ್ ಗುಂಡಿ ತೆಗೆದು ಪೈಪು ಉಳಿದಿದೆಯೇ ನೋಡಿ. ನೆಲಕ್ಕೆ ಸೋರುವ ಕರೆಂಟನ್ನು ಕಂಡು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಗುಂಡಿ ಒತ್ತದೆಯೂ ಅದು ಪದೇ ಪದೇ ತಾನಾಗಿ ಬೀಳುತ್ತಿದ್ದರೆ ವಯರಿಂಗಿನಲ್ಲಿ ದೋಷ ಹುಡುಕಿಸಿ, ಬೈಪಾಸ್ ಮಾಡಿಸಬೇಡಿ. ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗದೆ, ದಾರಿಯಲ್ಲಿ ಬರುವವರನ್ನು ತಡೆದು, 1912ಕ್ಕೆ ಫೋನ್ ಮಾಡಿ.